ನಗರ ದಂಗೆಯ ಕಡತ: ತೀರ್ಪು ಮೊದಲು, ತನಿಖೆ ಆಮೇಲೆ

‘ನಗರ ದಂಗೆ’ ಅಂತ ಫೋನಿನಲ್ಲಿ ಹುಡುಕಿ ನೋಡಿ. ಯಾವುದೋ ಪಟ್ಟಣದ ಗಲಾಟೆ, ನಿಷೇಧಾಜ್ಞೆ, ಪೊಲೀಸ್ ಪಥಸಂಚಲನ ಎಲ್ಲ ಬರುತ್ತೆ. ಪಾಪ, ಸರ್ಚ್ ಎಂಜಿನ್ ಆದ್ರೂ ಏನ್ ಮಾಡುತ್ತೆ? ಈ ನಗರ ಅಂದ್ರೆ ಸಿಟಿ ಅಲ್ಲ, ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಕೊನೆಯ ರಾಜಧಾನಿಯಾಗಿದ್ದ ಬಿದನೂರು ಅಂತ ಅದಕ್ಕೆ ಹೇಳಿಕೊಟ್ಟವರು ಯಾರು? 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಬಿದನೂರು ಹೈದರನಗರವಾಯಿತು, ಬರ್ತಾ ಬರ್ತಾ ಬರೀ ನಗರ ಆಯಿತು. ಆ ಹೆಸರಿನ ಸೀಮೆಯಲ್ಲಿ 1830–31ರಲ್ಲಿ ರೈತರು ಎದ್ದರು. ಅವರು ಎದ್ದ ಮರುವರ್ಷವೇ ಮೈಸೂರಿನ ಮಹಾರಾಜರ ಕೈಯಿಂದ ಆಡಳಿತ ಜಾರಿತು. ಮತ್ತೆ ಅರಸು ಮನೆತನಕ್ಕೆ ಅದು ಸಿಕ್ಕಿದ್ದು 1881ರಲ್ಲಿ. ಐವತ್ತು ವರ್ಷ!

ನಮ್ಮ ನವುಲೆಯಿಂದ ನೋಡಿದರೆ ಇದು ದೂರದ ಕಥೆಯಲ್ಲ. ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಸ್ಟೇಡಿಯಂ ದಾಟಿ ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸವಳಂಗ. ಅಲ್ಲಿಂದ ಒಂದು ದಾರಿ ಶಿಕಾರಿಪುರಕ್ಕೆ, ಇನ್ನೊಂದು ನ್ಯಾಮತಿ ಮೇಲೆ ಹೊನ್ನಾಳಿಗೆ. ಆ ಕಡೆ ಚನ್ನಗಿರಿ, ಬಸವಾಪಟ್ಟಣ. ಭದ್ರಾವತಿ ದಾಟಿದರೆ ತರೀಕೆರೆ. ಪಶ್ಚಿಮಕ್ಕೆ ಆನಂದಪುರ, ನಗರ. 1830ರ ದಾಖಲೆಗಳಲ್ಲಿ ಬರುವ ಊರುಗಳೆಲ್ಲ ಹೆಚ್ಚುಕಮ್ಮಿ ಒಂದು ಟ್ಯಾಂಕ್ ಪೆಟ್ರೋಲ್‌ನಲ್ಲಿ ಬೈಕಿನಲ್ಲಿ ಸುತ್ತಿ ಬರುವಷ್ಟೇ ದೂರ.

ಪ್ರತಿ ಆಗಸ್ಟ್‌ನಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತೆ. ‘1857ಕ್ಕೂ ಮೊದಲೇ ಮಲೆನಾಡಿನ ಸ್ವಾತಂತ್ರ್ಯ ಸಂಗ್ರಾಮ’ ಅಂತ. ಕೆಳಗೆ ಯಾರಾದರೂ ಒಬ್ಬರು ‘ಅದು ಸ್ವಾತಂತ್ರ್ಯ ಸಂಗ್ರಾಮ ಅಲ್ಲ, ಕಂದಾಯದ ಗಲಾಟೆ’ ಅಂತ ಬರೀತಾರೆ. ಅಲ್ಲಿಂದ ಶುರು. ವಾದ ಎಷ್ಟೇ ಉದ್ದವಾಗಲಿ, ಒಬ್ಬರೂ ಒಂದು ದಾಖಲೆಯ ಒಂದು ಪುಟ ಹಾಕಲ್ಲ. ನನಗೆ ಬೇಕಾಗಿದ್ದು ಆ ಪುಟ. ಕೆಲವು ತಿಂಗಳಿಂದ ಆಫೀಸಿನ ಕೆಲಸ ಮುಗಿದ ಮೇಲೆ ಅದನ್ನೇ ಹುಡುಕ್ತಾ ಇದ್ದೀನಿ. ಸಿಕ್ಕಿದ್ದು ಏನು, ಅದನ್ನ ಹೇಗೆ ಓದಬೇಕು ಅನ್ನೋದು ಈ ಸಲದ ಅಂಕಣ.

ಮನೆಯಲ್ಲೇ ಕೂತು ಏನೇನು ಸಿಗುತ್ತೆ

ಮೊದಲು ಒಳ್ಳೆ ಸುದ್ದಿ. ಈ ವಿಷಯದ ಹಳೆಯ ಪುಸ್ತಕಗಳಲ್ಲಿ ಬಹಳಷ್ಟು ಸ್ಕ್ಯಾನ್ ಆಗಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡು ಕೊಡದೆ ಓದಬಹುದು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇದೆ. ಇದರ ಮೊದಲ ಆವೃತ್ತಿ 1870ರ ದಶಕದ್ದು, ಪರಿಷ್ಕೃತ ಆವೃತ್ತಿ 1897ರದ್ದು. ಎಂ. ಶಾಮರಾಯರ ‘ಮಾಡರ್ನ್ ಮೈಸೂರ್’ 1936ರದ್ದು. ಇವ್ಯಾನ್ಸ್ ಬೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1865ರಲ್ಲಿ ಮೈಸೂರಿನ ಪರವಾಗಿ ಬರೆದ ‘ದಿ ಮೈಸೂರ್ ರಿವರ್ಷನ್’ ಕೂಡ ಇದೆ.

ದಂಗೆಗೆ ಮೂವತ್ತು ವರ್ಷ ಮೊದಲು ಈ ಸೀಮೆ ಹೇಗಿತ್ತು ಅಂತ ತಿಳಿಯಬೇಕಾದರೆ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನ ತೆಗೆಯಿರಿ. 1800–01ರಲ್ಲಿ ಊರೂರು ತಿರುಗಿ, ಯಾವ ಬೆಳೆ, ಎಷ್ಟು ಕಂದಾಯ, ಯಾವ ಜನ ಅಂತೆಲ್ಲ ಬರೆದುಕೊಂಡ ಮನುಷ್ಯ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಸರ್ಕಾರಿ ಕಡತಗಳು ಬೇಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಪೋರ್ಟಲ್ ಇದೆ. ಮೈಸೂರು ಸಂಸ್ಥಾನದ ವ್ಯವಹಾರವೆಲ್ಲ ಆಗ ಕಂಪನಿಯ ವಿದೇಶಾಂಗ ಇಲಾಖೆಯ ಕೈಲಿತ್ತು. ಹಾಗಾಗಿ ಹುಡುಕಬೇಕಾದ್ದು ಕಂದಾಯ ಇಲಾಖೆಯ ಹೆಸರಲ್ಲಿ ಅಲ್ಲ, ಫಾರಿನ್ ಡಿಪಾರ್ಟ್‌ಮೆಂಟ್ ಹೆಸರಲ್ಲಿ.

ಇನ್ನು ತಲೆನೋವು. ಕಾಗುಣಿತ! ಆಗಿನ ಇಂಗ್ಲಿಷರು ನಮ್ಮ ಊರಿನ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ನಗರ ಅಲ್ಲಿ ‘ನುಗ್ಗುರ್’, ಬಿದನೂರು ‘ಬೆಡ್ನೋರ್’, ಶಿವಮೊಗ್ಗ ‘ಸಿಮೋಗ’, ಹರಿಹರ ‘ಹುರ್ರಿಹುರ್’, ಚಿತ್ರದುರ್ಗ ‘ಚಿತ್ತಲ್‌ಡ್ರೂಗ್’. ಭದ್ರಾವತಿ ಅಂತ ಹುಡುಕಿದರಂತೂ ಏನೂ ಸಿಗಲ್ಲ. ಆಗ ಅದು ಬೆಂಕಿಪುರ. ಇದರ ಮೇಲೆ ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರ ಮಾಡುವ ತಂತ್ರಾಂಶದ ಎಡವಟ್ಟು ಬೇರೆ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ‘ಎಸ್’ ಅಕ್ಷರ ನೋಡೋಕೆ ‘ಎಫ್’ ಥರ ಇರುತ್ತೆ. ಕಂಪ್ಯೂಟರ್ ಅದನ್ನ ‘ಎಫ್’ ಅಂತಲೇ ಓದಿ ಬಿಡುತ್ತೆ. ಹಾಗಾಗಿ ಒಂದು ಊರಿಗೆ ಐದಾರು ಕಾಗುಣಿತಗಳ ಪಟ್ಟಿ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬೇಕು. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಹತ್ತು ಸಾಲಿನ ಕೋಡ್ ಸಾಕು. ಗೊತ್ತಿಲ್ಲದವರಿಗೆ ಒಂದು ನೋಟ್‌ಬುಕ್ಕೂ ತಾಳ್ಮೆಯೂ ಸಾಕು.

ನಡೆದಿದ್ದು ಏನು

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಇಂಗ್ಲಿಷರು ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡ, ಅಂದ್ರೆ 24.5 ಲಕ್ಷ ರೂಪಾಯಿ ಕೊಡಬೇಕಿತ್ತು. ಮಳೆ ಬರಲಿ ಬಿಡಲಿ, ಅಡಿಕೆ ಮೆಣಸಿಗೆ ಬೆಲೆ ಇರಲಿ ಬಿಡಲಿ, ಕೊಡಲೇಬೇಕಾದ ಮೊತ್ತ. 1811ರವರೆಗೆ ದಿವಾನ್ ಪೂರ್ಣಯ್ಯ ನಡೆಸಿದರು. ಆಮೇಲೆ ಅಧಿಕಾರ ಮಹಾರಾಜರ ಕೈಗೆ ಬಂತು.

ಆ ಕಾಲದಲ್ಲಿ ಜಾರಿಗೆ ಬಂದ ಒಂದು ಪದ್ಧತಿಯ ಹೆಸರು ಎಲ್ಲ ದಾಖಲೆಗಳಲ್ಲೂ ಬರುತ್ತೆ. ಅದೇ ‘ಶರತ್ತು’. ನನ್ನ ತಾಲ್ಲೂಕಿನಿಂದ ಇಷ್ಟು ಕಂದಾಯ ಎತ್ತಿ ಕೊಡ್ತೀನಿ ಅಂತ ಅಮಲ್ದಾರ ಮೊದಲೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದ ಹೋಗಬೇಕು. ಸೇಲ್ಸ್ ಟಾರ್ಗೆಟ್ ಅನ್ನೋದು ಹೇಗೆ ಮೇಲಿನಿಂದ ಕೆಳಗೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಇಳಿಯುತ್ತೆ ಅಂತ ನಮಗೆಲ್ಲ ಗೊತ್ತೇ ಇದೆ. ಇಲ್ಲಿ ಕಟ್ಟಕಡೆಯ ತಲೆ ರೈತನದ್ದು.

ನಗರ ಸೀಮೆಯನ್ನು ನೋಡಿಕೊಳ್ಳುತ್ತಿದ್ದವನಿಗೆ ಫೌಜುದಾರ ಅಂತಿದ್ದರು. ಹಲವು ವರ್ಷ ಆ ಜಾಗದಲ್ಲಿ ರಾಮರಾಯ ಎಂಬವರು, ಅವರ ಕಡೆಯವರು ಇದ್ದರು. 1830ರ ಹೊತ್ತಿಗೆ ವೀರರಾಜೇ ಅರಸು ಎಂಬವರು ಬಂದರು. ಹೊಸಬರು ಹಳೇ ಲೆಕ್ಕ ತೆಗೆದರು. ಹಿಂದೆ ಕೊಟ್ಟಿದ್ದ ಕಂದಾಯದ ಮಾಫಿಯಲ್ಲಿ ಮೋಸ ಆಗಿದೆ ಅಂದರು. ಮಾಫಿ ಆಗಿದ್ದ ಬಾಕಿಯನ್ನು ಮತ್ತೆ ಕೇಳೋಕೆ ಶುರು ಮಾಡಿದರು.

1830ರ ಆಗಸ್ಟ್‌ನಲ್ಲಿ ಬಸವಾಪಟ್ಟಣದ ಕಡೆಯ ರೈತರು ಸೇರಿದರು. ಬೇರೆ ಕಡೆಯ ರೈತರಿಗೆ ಪತ್ರ ಕಳಿಸಿ ‘ಕೂಟ’ಕ್ಕೆ ಕರೆದರು. ಈ ಕೂಟ ಅನ್ನೋ ಪದ ಇಂಗ್ಲಿಷ್ ದಾಖಲೆಗಳಲ್ಲಿ ಅನುವಾದವಾಗದೆ ಹಾಗೇ ಉಳಿದಿದೆ. ಕಂದಾಯ ಕೊಡಲ್ಲ, ನಮ್ಮ ಮಾತು ಕೇಳಿ, ಆಮೇಲೆ ನೋಡೋಣ ಅಂತ ಜನ ಒಟ್ಟಾಗಿ ಕೂರೋದು. ಶುರುವಿನಲ್ಲಿ ಕೂಟ ಅಂದ್ರೆ ಇಷ್ಟೇ.

ಇದೇ ಹೊತ್ತಿಗೆ ಇನ್ನಿಬ್ಬರು ಬಂದು ಸೇರಿದರು. ಒಬ್ಬ ಸಾದರ ಮಲ್ಲ. ಬೂದಿ ಬಸವಪ್ಪ ಎಂಬ ಹೆಸರಿನಲ್ಲಿ, ತಾನು ನಗರದ ಹಳೆಯ ಅರಸು ಮನೆತನದ ವಾರಸುದಾರ ಅಂತ ಹೇಳಿಕೊಂಡವನು. ಹಳೆಯ ಅರಸರ ಮೊಹರು ಒಬ್ಬ ಜಂಗಮರ ಕಡೆಯಿಂದ ಇವನ ಕೈಸೇರಿತ್ತು ಅಂತ ಗೆಜೆಟಿಯರ್ ಕಥೆ ಹೇಳುತ್ತೆ. ಅವನು ರೈತರಿಗೆ ಕೊಟ್ಟ ಮಾತು ಗಮನಿಸಿ: ಹಳೇ ಬಾಕಿ ಪೂರ್ತಿ ಮನ್ನಾ, ಮುಂದೆ ಒಂದು ವರಹ ಕಟ್ಟುವ ಜಾಗದಲ್ಲಿ ಒಂದು ರೂಪಾಯಿ. ವರಹ ಅಂದ್ರೆ ಆಗ ಸುಮಾರು ಮೂರು ರೂಪಾಯಿ. ಕಂದಾಯ ಮೂರನೇ ಒಂದು ಭಾಗಕ್ಕೆ ಇಳಿದ ಹಾಗೆ! ಇನ್ನೊಬ್ಬ ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕ. ಅವನ ಕಡೆಯವರು ಕಲ್ದುರ್ಗ, ಕಾಮನದುರ್ಗದ ಬೆಟ್ಟದ ಕೋಟೆಗಳನ್ನು ಹಿಡಿದರು.

1830ರ ಡಿಸೆಂಬರ್‌ನಲ್ಲಿ ಮಹಾರಾಜರೇ ಸೈನ್ಯದ ಜೊತೆ ಹೊರಟರು. ಗಲ್ಲುಗಳಾದವು. ದಂಗೆ ನಿಲ್ಲಲಿಲ್ಲ. 1831ರಲ್ಲಿ ಕಂಪನಿಯ ಪಡೆ ಇಳಿಯಿತು. ಜೂನ್ ಹೊತ್ತಿಗೆ ನಗರದ ಕೋಟೆ ಅವರ ಕೈಸೇರಿತು. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮಹಾರಾಜರಿಗೆ ಪತ್ರ ಬರೆದರು: ಆಡಳಿತವನ್ನು ನಾವು ವಹಿಸಿಕೊಳ್ತೇವೆ ಅಂತ. ಅಕ್ಟೋಬರ್‌ನಲ್ಲಿ ಅದು ಆಗಿಯೂ ಹೋಯಿತು.

ನಾಲ್ಕು ಪುಸ್ತಕ, ಒಂದೇ ಸಾಕ್ಷಿ

ಈ ಕಥೆ ರೈಸ್ ಗೆಜೆಟಿಯರ್‌ನಲ್ಲಿದೆ, ಶಾಮರಾಯರಲ್ಲಿದೆ, ಆಮೇಲಿನ ಹಲವು ಪುಸ್ತಕಗಳಲ್ಲಿದೆ. ಎಲ್ಲರೂ ಒಂದೇ ಥರ ಹೇಳ್ತಾರೆ ಅಂದಮೇಲೆ ನಿಜವೇ ಇರಬೇಕು ಅನ್ಸುತ್ತೆ ಅಲ್ವಾ? ಇಲ್ಲೇ ಸ್ವಲ್ಪ ನಿಲ್ಲಬೇಕು.

ಆ ಪುಟಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ಓದಿದರೆ ಘಟನೆಗಳ ಕ್ರಮ, ಕಾರಣಗಳ ಕ್ರಮ, ಕೆಲವು ಕಡೆ ಮಾತುಗಳೂ ಒಂದೇ. ಯಾಕಂದ್ರೆ ಎಲ್ಲದರ ಬೇರು ಒಂದೇ ಕಡೆ ಇದೆ. ದಂಗೆ ಯಾಕಾಯಿತು ಅಂತ ವಿಚಾರಿಸೋಕೆ ಬೆಂಟಿಂಕ್ ಒಂದು ಸಮಿತಿ ಮಾಡಿದರು. ಥಾಮಸ್ ಹಾಕರ್, ಡಬ್ಲ್ಯು. ಮಾರಿಸನ್, ಜೆ.ಎಂ. ಮ್ಯಾಕ್ಲಿಯಾಡ್, ಮಾರ್ಕ್ ಕಬ್ಬನ್ ಅದರ ಸದಸ್ಯರು. 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಮುಂದೆ ಬರೆದವರೆಲ್ಲ ಮುಖ್ಯವಾಗಿ ಅದರ ಮೇಲೇ ನಿಂತರು.

ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ವಿಷಯ. ಒಂದು ಕೋಡ್ ಅನ್ನು ನಾಲ್ಕು ಜನ ನಕಲು ಮಾಡಿ ನಾಲ್ಕು ಪ್ರಾಜೆಕ್ಟ್‌ಗೆ ಹಾಕಿಕೊಂಡಿರ್ತಾರೆ. ನಾಲ್ಕೂ ಕಡೆ ಒಂದೇ ಉತ್ತರ ಬಂತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತ ಅಲ್ಲ. ಮೂಲದಲ್ಲಿ ದೋಷ ಇದ್ದರೆ ನಾಲ್ಕೂ ಕಡೆ ಅದೇ ದೋಷ ಇರುತ್ತೆ. ಹಳೇ ದಾಖಲೆ ಓದುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಪುಸ್ತಕ ಹೇಳ್ತವೆ’ ಅಂತ ಅಲ್ಲ, ‘ಎಷ್ಟು ಜನ ಕಣ್ಣಾರೆ ನೋಡಿ ಹೇಳಿದ್ದಾರೆ’ ಅಂತ.

ವರದಿ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಶರತ್ತು ಪದ್ಧತಿಯ ಹಿಂಸೆ, ಅಮಲ್ದಾರರ ಲಂಚ, ಆಸ್ಥಾನದ ಒಳಜಗಳಗಳ ಬಗ್ಗೆ ಅದರಲ್ಲಿರುವಷ್ಟು ವಿವರ ಬೇರೆ ಕಡೆ ಸಿಗೋದು ಕಷ್ಟ. ಆದರೆ ಬರೆದವರು ಯಾರು, ಯಾವಾಗ ಬರೆದರು ಅನ್ನೋದನ್ನ ಮರೆತು ಓದಬಾರದು ಅಷ್ಟೇ.

ದಿನಾಂಕಗಳನ್ನು ಸಾಲಾಗಿ ಇಟ್ಟಾಗ

ಸರ್ವರ್ ಕೆಟ್ಟಾಗ ನಾವು ಮೊದಲು ಮಾಡೋದು ಏನು? ಯಾರು ಏನು ಹೇಳಿದರು ಅನ್ನೋದನ್ನ ಪಕ್ಕಕ್ಕಿಟ್ಟು ಲಾಗ್ ತೆಗೆದು ಸಮಯದ ಪ್ರಕಾರ ಜೋಡಿಸ್ತೀವಿ. ಯಾವುದು ಮೊದಲು, ಯಾವುದು ಆಮೇಲೆ. ಹಾಗೇ ಈ ದಾಖಲೆಗಳಿಂದ ದಿನಾಂಕಗಳನ್ನಷ್ಟೇ ಎತ್ತಿ ಒಂದು ಶೀಟ್‌ಗೆ ಹಾಕಿದೆ.

1831 ಸೆಪ್ಟೆಂಬರ್: ಆಡಳಿತ ತೆಗೆದುಕೊಳ್ಳುವ ಪತ್ರ.
1831 ಅಕ್ಟೋಬರ್: ಆಡಳಿತ ಕಂಪನಿಯ ಕೈಗೆ.
1833 ಡಿಸೆಂಬರ್: ದಂಗೆಗೆ ಕಾರಣ ಏನು ಎಂಬ ತನಿಖಾ ವರದಿ.
1834: ಸಂಸ್ಥಾನದ ಒಂದು ಭಾಗವನ್ನಾದರೂ ಮಹಾರಾಜರಿಗೆ ವಾಪಸ್ ಕೊಡೋಣ ಅಂತ ಸ್ವತಃ ಬೆಂಟಿಂಕ್ ಪ್ರಸ್ತಾಪ. ಲಂಡನ್ನಿನ ಮೇಲಿನವರು ಒಪ್ಪಲಿಲ್ಲ.
1834: ತನಿಖಾ ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್. 1861ರವರೆಗೂ ಅವರದೇ ಆಡಳಿತ.

ಈಗ ಮೇಲಿಂದ ಕೆಳಗೆ ಮತ್ತೊಮ್ಮೆ ಓದಿ. ತೀರ್ಪು ಮೊದಲು, ತನಿಖೆ ಆಮೇಲೆ. ತೀರ್ಪು ಕೊಟ್ಟವರಿಗೇ ತನಿಖೆ ಓದಿದ ಮೇಲೆ ಅನುಮಾನ. ಆದರೂ ತೀರ್ಪು ಬದಲಾಗಲಿಲ್ಲ. ತನಿಖೆ ಮಾಡಿದವರಲ್ಲಿ ಒಬ್ಬರು ಆ ರಾಜ್ಯವನ್ನೇ ಆಳಿದರು. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ಬೆಳಗ್ಗೆ ಓಡುವ ನನ್ನ ಗೆಳೆಯರಿಗೆ ಆ ಹೆಸರಿಗೂ ನಮ್ಮ ಹೊನ್ನಾಳಿ–ಬಸವಾಪಟ್ಟಣದ ರೈತರಿಗೂ ಸಂಬಂಧ ಇದೆ ಅಂದ್ರೆ ನಂಬಲ್ಲ. ಮುಮ್ಮಡಿಯವರು ಅಧಿಕಾರ ವಾಪಸ್ ಕೇಳ್ತಾ ಕೇಳ್ತಾ 1868ರಲ್ಲಿ ತೀರಿಕೊಂಡರು. 1881ರಲ್ಲಿ ಅದು ಬಂದಿದ್ದು ಅವರ ದತ್ತುಮಗ ಚಾಮರಾಜ ಒಡೆಯರಿಗೆ.

ಈ ಯಾವ ದಿನಾಂಕವೂ ಗುಟ್ಟಲ್ಲ. ಎಲ್ಲ ಅಚ್ಚಾದ ಪುಸ್ತಕಗಳಲ್ಲೇ ಇವೆ. ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ ಹರಡಿಕೊಂಡಿವೆ. ಒಂದು ಸಾಲಿನಲ್ಲಿ ನಿಲ್ಲಿಸಿದಾಗ ಮಾತ್ರ ಮಾತಾಡ್ತವೆ.

ಚಿಕ್ಕಪ್ಪನ ಓದು

ನ್ಯಾಮತಿ ಕಡೆ ಜಮೀನು ನೋಡಿಕೊಂಡಿರುವ ಚಿಕ್ಕಪ್ಪ ಒಂದು ದಿನ ಮನೆಗೆ ಬಂದಿದ್ದರು. ಮಾಫಿ, ಬಾಕಿ, ಮತ್ತೆ ಕೇಳಿದ್ದು, ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ನಕ್ಕರು.

‘ಮನ್ನಾ ಆಯ್ತು ಅಂತ ಮನೆಗೆ ಹೋಗಿರ್ತೀವಿ ಕಣೋ. ಆಮೇಲೆ ಬಾಕಿ ಇದೆ ಅಂತ ನೋಟಿಸ್ ಬರುತ್ತೆ. ಸಾಲ ಇರೋದು ಕಷ್ಟ ಅಲ್ಲ ಮಾರಾಯ. ತೀರಿದೆ ಅಂದುಕೊಂಡಿದ್ದು ತೀರಿಲ್ಲ ಅಂತ ಗೊತ್ತಾಗೋದು ಕಷ್ಟ.’

‘ಆದ್ರೆ ಚಿಕ್ಕಪ್ಪ, ಮಾಫಿಯಲ್ಲಿ ಮೋಸ ಆಗಿತ್ತು ಅಂತ ಬರೆದಿದ್ದಾರೆ.’

‘ಆಗಿರಬಹುದು. ಯಾರು ಮಾಡಿದ್ದು? ಬರೆದುಕೊಟ್ಟವನೋ, ಬರೆಸಿಕೊಂಡವನೋ?’

ಗೆಜೆಟಿಯರ್‌ನ ಆ ಪುಟ ನಾನು ಎಷ್ಟೋ ಸಲ ಓದಿದ್ದೆ, ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ಮೋಸದ ಮಾಫಿ ಅಂದಾಗ ಲಾಭ ಹೊಡೆದದ್ದು ಅಧಿಕಾರಿ ಇರಬಹುದು, ಪಟೇಲ ಶಾನುಭೋಗರು ಇರಬಹುದು. ಬಾಕಿ ಕೇಳೋಕೆ ಬಂದಾಗ ಬಾಗಿಲು ತಟ್ಟೋದು ಮಾತ್ರ ರೈತನ ಮನೆಯದ್ದು. ಕೂಟ ಯಾಕೆ ಅಷ್ಟು ಬೇಗ ಊರಿಂದ ಊರಿಗೆ ಹಬ್ಬಿತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ. ಹಳೇ ದಾಖಲೆಯನ್ನು ಹೊಲದಲ್ಲಿ ದುಡಿಯುವವರ ಎದುರು ಜೋರಾಗಿ ಓದಬೇಕು ಅಂತ ಅವತ್ತಿನಿಂದ ನಿಯಮ ಮಾಡಿಕೊಂಡಿದ್ದೀನಿ.

ಬೇಟೆಗಾರ ಬರೆದ ಡೈರಿ

ಇದೇ ನೆಲದ ಇನ್ನೊಂದು ಯುದ್ಧವಿದೆ, ಇದಕ್ಕೆ ಮೂವತ್ತು ವರ್ಷ ಮೊದಲಿನದು. ಧೋಂಡಿಯ ವಾಘ್. ಚನ್ನಗಿರಿಯವನು. ಟಿಪ್ಪುವಿನ ಸೆರೆಯಲ್ಲಿದ್ದವನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಹೊರಬಂದ. ಬಿದನೂರು ಸೀಮೆಗೆ ಬಂದು ಸೈನ್ಯ ಕಟ್ಟಿದ. ತನ್ನನ್ನು ‘ಉಭಯ ಲೋಕಾಧೀಶ್ವರ’ ಅಂತ ಕರೆದುಕೊಂಡ. ಅವನ ಬೆನ್ನು ಹತ್ತಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ಡ್ಯೂಕ್ ಆಫ್ ವೆಲ್ಲಿಂಗ್ಟನ್. 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ ಧೋಂಡಿಯ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನ್‌ನನ್ನು ಸಾಕಿಸುವ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತ.

ವೆಲ್ಲೆಸ್ಲಿಯ ಪತ್ರಗಳು ಸಂಪುಟ ಸಂಪುಟವಾಗಿ ಅಚ್ಚಾಗಿವೆ, ಸ್ಕ್ಯಾನ್ ಕೂಡ ಆಗಿವೆ. ಎತ್ತು ಸಿಗ್ತಿಲ್ಲ, ಅಕ್ಕಿ ಬರ್ತಿಲ್ಲ, ಹೊಳೆ ತುಂಬಿದೆ, ದೋಣಿ ಬೇಕು... ಶಿಬಿರದ ಪ್ರತಿ ಕಷ್ಟವೂ ಅಲ್ಲಿದೆ. ಓದ್ತಾ ಹೋದರೆ ನಮಗೇ ಗೊತ್ತಿಲ್ಲದೆ ಬೆನ್ನು ಹತ್ತಿದವನ ಪಕ್ಕ ಕುದುರೆ ಮೇಲೆ ಕೂತಿರ್ತೀವಿ. ಓಡ್ತಾ ಇರೋನು ದೂರದ ಧೂಳು ಮಾತ್ರ. ಅವನನ್ನು ಅವರು ದರೋಡೆಕೋರ ಅಂದರು. ಆದರೆ ಬರೀ ದರೋಡೆಕೋರನನ್ನು ಹಿಡಿಯೋಕೆ ಇಷ್ಟು ದೊಡ್ಡ ಸೈನ್ಯ, ಇಷ್ಟು ತಿಂಗಳು ಬೇಕಾಯಿತಾ? ಈ ಪ್ರಶ್ನೆಗೆ ಉತ್ತರ ಅವರ ಬೈಗುಳದಲ್ಲಿ ಸಿಗಲ್ಲ, ಅವರೇ ಬರೆದ ಅಕ್ಕಿ ಎತ್ತುಗಳ ಲೆಕ್ಕದಲ್ಲಿ ಸಿಗುತ್ತೆ. ಎದುರಾಳಿಯ ಕಾಗದ ಓದುವ ದಾರಿ ಇದೇ. ಅವನು ಕೊಟ್ಟ ಹೆಸರನ್ನು ಬಿಡಿ, ಅವನು ಮಾಡಿದ ಖರ್ಚು ನೋಡಿ.

ಹೆಸರಿಲ್ಲದವರು

ಶಿಕಾರಿಪುರ ತಾಲ್ಲೂಕಿನ ಈಸೂರು ನಮಗೆಲ್ಲ ಗೊತ್ತು. 1942ರಲ್ಲಿ ತಮ್ಮದೇ ಸರ್ಕಾರ ಅಂತ ಸಾರಿದ ಊರು. ಆ ಸೆಪ್ಟೆಂಬರ್‌ನಲ್ಲಿ ಅಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಹತರಾದರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲು: ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡೇಕಳ್ಳಿ ಹಾಲಪ್ಪ, ಗೌಡ ಶಂಕರಪ್ಪ. ಶಾಲೆಯಲ್ಲಿ ಓದಿದ್ದೇವೆ, ಹೆಸರು ಹೇಳ್ತೇವೆ, ಕೈ ಮುಗೀತೇವೆ.

1830–31ರಲ್ಲಿ ಗಲ್ಲಿಗೇರಿದವರ ಹೆಸರು ಹೇಳಿ ನೋಡೋಣ? ನಾನು ತೆರೆದ ಪುಸ್ತಕಗಳಲ್ಲಿ ಬೂದಿ ಬಸವಪ್ಪ ಇದ್ದಾನೆ, ರಂಗಪ್ಪ ನಾಯಕ ಇದ್ದಾನೆ. ಅರಸುತನ ಕೇಳಿದವರಿಗೆ ಹೆಸರಿದೆ. ಫೌಜುದಾರರಿಗೆ ಹೆಸರಿದೆ, ಕಂಪನಿಯ ಅಧಿಕಾರಿಗಳಿಗಂತೂ ಇನಿಷಿಯಲ್ ಸಮೇತ ಇದೆ. ಕೂಟದಲ್ಲಿ ಕೂತವರು ಮಾತ್ರ ‘ರೈತರು’, ‘ದಂಗೆಕೋರರು’, ಇಲ್ಲಾ ಒಂದು ಸಂಖ್ಯೆ. ಪತ್ರ ಬರೆದು ಊರೂರಿಗೆ ಕಳಿಸಿದವರು ಕನ್ನಡದಲ್ಲೇ ಬರೆದಿರಬೇಕು. ಅವರ ಮಾತು ನಮಗೆ ತಲುಪಿದ್ದು ಇಂಗ್ಲಿಷ್ ವರದಿಯ ಸಾರಾಂಶವಾಗಿ.

ಸ್ಕ್ಯಾನ್ ಆದದ್ದೆಲ್ಲ ಇತಿಹಾಸ, ಆಗದ್ದು ಇಲ್ಲ ಅನ್ನೋ ಭಾವನೆ ನಮ್ಮ ತಲೆಮಾರಿಗೆ ಬೇಗ ಬರುತ್ತೆ. ಸರ್ಚ್‌ನಲ್ಲಿ ಬರಲಿಲ್ಲ ಅಂದ್ರೆ ಇಲ್ಲ ಅಂತಲೇ ಅಂದುಕೊಳ್ತೀವಿ. ಆದರೆ ಯಾವುದು ಮೊದಲು ಸ್ಕ್ಯಾನ್ ಆಯಿತು? ಲೈಬ್ರರಿಯಲ್ಲಿದ್ದ ಇಂಗ್ಲಿಷ್ ಅಚ್ಚು ಪುಸ್ತಕ. ಮೋಡಿ ಅಕ್ಷರದ, ಹಳಗಾಲದ ಕೈಬರಹದ ಕನ್ನಡ ಕಾಗದಕ್ಕೆ ಸರದಿ ಬರೋದು ಕೊನೆಗೆ. ಓದೋಕೆ ಬಲ್ಲವರೂ ಕಮ್ಮಿ.

‘ಕಡತ’ ಅನ್ನೋ ಪದವನ್ನೇ ನೋಡಿ. ಇವತ್ತು ಆಫೀಸಿನ ಫೈಲ್. ಹಿಂದೆ ಅದು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಮಡಚಿದ ಬಟ್ಟೆ. ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದರೆ ಅಳಿಸಿ ಮತ್ತೆ ಬರೆಯುವ ಹಾಗೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ, ವಿದ್ವಾಂಸರು ಅದರ ಮೇಲೆ ಕೆಲಸ ಮಾಡಿದ್ದಾರೆ. ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಕೂಡಿಟ್ಟ ತಾಳೆಗರಿ, ಕಾಗದಪತ್ರಗಳಿವೆ. ಈಗ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ವಾರಾಂತ್ಯಕ್ಕೆ ಜೋಗ ನೋಡೋಕೆ ಹೋಗುವವರು ದಾರಿಯಲ್ಲಿ ಒಂದು ಗಂಟೆ ಕೆಳದಿಗೆ ಕೊಡಿ.

ಹಾಗಾದ್ರೆ ಅದು ಸ್ವಾತಂತ್ರ್ಯ ಸಂಗ್ರಾಮವಾ?

ವಾಟ್ಸಾಪ್ ಜಗಳಕ್ಕೆ ವಾಪಸ್ ಬರ್ತೀನಿ. ನನ್ನ ಉತ್ತರ ಎರಡು ಕಡೆಯವರಿಗೂ ಹಿಡಿಸಲ್ಲ.

ಭಾರತ ಅನ್ನೋ ದೇಶಕ್ಕೆ ಸ್ವಾತಂತ್ರ್ಯ ಬೇಕು ಅಂತ 1830ರಲ್ಲಿ ಹೊನ್ನಾಳಿಯ ರೈತ ಎದ್ದ ಅನ್ನೋದಕ್ಕೆ ದಾಖಲೆ ಇಲ್ಲ. ಅವನ ಸಿಟ್ಟು ಮೊದಲು ತಿರುಗಿದ್ದು ಅಮಲ್ದಾರನ ಮೇಲೆ, ಮೈಸೂರಿನ ಸರ್ಕಾರದ ಮೇಲೆ. ಪೋಸ್ಟರ್‌ಗೋಸ್ಕರ ಅದನ್ನ ಮುಚ್ಚಿಟ್ಟರೆ ಆ ರೈತನಿಗೇ ಅನ್ಯಾಯ.

ಆದರೆ ‘ಬರೀ ಕಂದಾಯದ ಗಲಾಟೆ’ ಅನ್ನೋದೂ ಸರಿಯಲ್ಲ. ಆ ಕಂದಾಯ ಯಾಕೆ ಅಷ್ಟು ಬಿಗಿಯಾಗಿತ್ತು ಅಂತ ದಾರ ಹಿಡಿದು ಹೋದರೆ ಒಂದು ತುದಿ ಮೈಸೂರಿನ ಅರಮನೆಯ ಖರ್ಚಿಗೆ ಹೋಗುತ್ತೆ, ಇನ್ನೊಂದು ತುದಿ ವರ್ಷಕ್ಕೆ 24.5 ಲಕ್ಷದ ಕಪ್ಪಕ್ಕೆ ಹೋಗುತ್ತೆ. ಕೊನೆಗೆ ಬಂದೂಕು ಹಿಡಿದು ಬಂದಿದ್ದೂ ಆ ಕಪ್ಪ ತಿಂದವರೇ. ಜೊತೆಗೆ ರೈತರು ಬರೀ ವಿನಾಯಿತಿ ಕೇಳಿ ಸುಮ್ಮನಾಗಲಿಲ್ಲ. 67 ವರ್ಷದ ಹಿಂದೆ ಹೋಗಿದ್ದ ನಗರದ ಅರಸುತನವನ್ನೇ ಮತ್ತೆ ನಿಲ್ಲಿಸೋಕೆ ಹೊರಟವನ ಹಿಂದೆ ಹೋದರು. ಕಂದಾಯ ಎಷ್ಟು ಅಂತ ತೀರ್ಮಾನಿಸೋ ಅಧಿಕಾರ ಯಾರದ್ದು ಅನ್ನೋ ಪ್ರಶ್ನೆ ಅದು. ಈಸೂರಿನವರು ಕೇಳಿದ್ದೂ ಅದೇ ಪ್ರಶ್ನೆಯನ್ನೇ ಅಲ್ವಾ, ಬೇರೆ ಕಾಲದಲ್ಲಿ, ಬೇರೆ ಮಾತಿನಲ್ಲಿ?

ಹಾಗಾಗಿ ಹಣೆಪಟ್ಟಿಯ ಜಗಳಕ್ಕಿಂತ ದೊಡ್ಡ ಕೆಲಸ ಬೇರೆ ಇದೆ. ಆ ಕೆಲಸಕ್ಕೆ ಡಾಕ್ಟರೇಟ್ ಬೇಡ.

ನಿಮ್ಮ ತಾಲ್ಲೂಕೊಂದನ್ನೇ ಹಿಡಿಯಿರಿ. ಅದರ ಹಳೆಯ ಕಾಗುಣಿತಗಳ ಪಟ್ಟಿ ಮಾಡಿ. ಬುಕಾನನ್, ರೈಸ್, ಶಾಮರಾಯ, ಈ ಮೂರರಲ್ಲಿ ಅದು ಎಲ್ಲೆಲ್ಲಿ ಬರುತ್ತೆ ಅಂತ ಪುಟ ಸಂಖ್ಯೆ ಬರೆದಿಡಿ. ಘಟನೆ, ದಿನಾಂಕ, ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು: ಶೀಟ್‌ನಲ್ಲಿ ನಾಲ್ಕೇ ಕಾಲಂ. ನಾಲ್ಕನೇ ಕಾಲಂ ಖಾಲಿ ಉಳಿದ ಸಾಲನ್ನು ಯಾವ ಗುಂಪಿಗೂ ಫಾರ್ವರ್ಡ್ ಮಾಡಬೇಡಿ.

ಆಮೇಲೆ ಅಟ್ಟ ಹತ್ತಿ. ಮಲೆನಾಡಿನ, ಅರೆಮಲೆನಾಡಿನ ಹಳೇ ಮನೆಗಳಲ್ಲಿ, ಅದರಲ್ಲೂ ಪಟೇಲರು ಶಾನುಭೋಗರಾಗಿದ್ದವರ ಮನೆಗಳಲ್ಲಿ ಕಾಗದದ ಗಂಟುಗಳು ಇನ್ನೂ ಇರುತ್ತವೆ. ಗೆದ್ದಲಿಗಿಂತ ಮೊದಲು ನಿಮ್ಮ ಫೋನ್ ಅಲ್ಲಿಗೆ ತಲುಪಲಿ. ಫ್ಲ್ಯಾಶ್ ಆರಿಸಿ, ಹಗಲು ಬೆಳಕಿನಲ್ಲಿ, ಪುಟದ ನಾಲ್ಕೂ ಅಂಚು ಕಾಣುವ ಹಾಗೆ ಫೋಟೊ ತೆಗೆಯಿರಿ. ಯಾರ ಮನೆಯದು, ಯಾವ ಊರಿನದು ಅಂತ ಜೊತೆಗೆ ಬರೆದಿಡಿ. ಗಂಟನ್ನು ಇದ್ದ ಕ್ರಮದಲ್ಲೇ ಕಟ್ಟಿಡಿ. ಓದೋಕೆ ಬರದಿದ್ದರೂ ಪರವಾಗಿಲ್ಲ. ಓದಬಲ್ಲವರು ಇವತ್ತಲ್ಲ ನಾಳೆ ಸಿಕ್ತಾರೆ.

ಕೂಟಕ್ಕೆ ಕರೆದ ಆ ಪತ್ರದ ಒಂದು ಪ್ರತಿಯಾದರೂ ಯಾವುದೋ ಊರಿನ ಯಾವುದೋ ಗಂಟಿನಲ್ಲಿ ಇರಬಾರದೇಕೆ? ಅದರ ಕೆಳಗೆ ನಾಲ್ಕಾರು ಸಹಿ ಇದ್ದೀತು. ಸಿಕ್ಕಿದ ದಿನ ಈ ಕಥೆಯ ರೈತರಿಗೂ ಹೆಸರು ಬರುತ್ತೆ.